ಬಕೆಟ್ಟಿನ ನೀರು ಯಾರನ್ನು ನೋಡಿ ಅಂಚಿಗೇರುತ್ತದೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ತಿರುಗುವ ವಸ್ತು, ಜಡತ್ವ (ಚಲನೆಯ ಬದಲಾವಣೆಯನ್ನು ವಸ್ತು ತಡೆಯುವ ಗುಣ), ದೇಶಕಾಲ (ಜಾಗ ಮತ್ತು ಕಾಲ ಸೇರಿದ ಒಂದೇ ಹಂದರ): ಈ ಮೂರರ ನಂಟಿನ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಲೆಕ್ಕ ಬೇಕಾದಲ್ಲಿ ಲೆಕ್ಕವನ್ನೂ ಕೊಟ್ಟಿದ್ದೇವೆ. ಕ್ಯಾಲ್ಕುಲೇಟರ್ ಹಿಡಿದು ನೀವೇ ಪರೀಕ್ಷಿಸಿ ನೋಡಬಹುದು.

ಪ್ರಶ್ನೆ: ಹಗ್ಗಕ್ಕೆ ನೇತುಹಾಕಿದ ಬಕೆಟ್ಟನ್ನು ತಿರುಗಿಸಿದರೆ ನೀರು ಅಂಚಿನಲ್ಲಿ ಮೇಲೇರುತ್ತದೆ. ಚಲನೆಯೆಲ್ಲ ಸಾಪೇಕ್ಷ ಎನ್ನುತ್ತೇವೆ. ಹಾಗಾದರೆ ಬಕೆಟ್ ಸುಮ್ಮನಿದೆ, ಜಗತ್ತೇ ಅದರ ಸುತ್ತ ತಿರುಗುತ್ತಿದೆ ಎಂದುಕೊಳ್ಳಬಹುದಲ್ಲವೇ? ಆಗಲೂ ನೀರು ಏರಬೇಕೇ?
(ಪ್ರೌಢಶಾಲಾ ಶಿಕ್ಷಕಿ, ಸಾಗರ)

ಉತ್ತರ: ಮೊದಲು ಪ್ರಯೋಗವನ್ನು ತರಗತಿಯಲ್ಲೇ ಮಾಡಿಬಿಡಿ. 30 ಸೆಂಟಿಮೀಟರ್ ಅಗಲದ ಬಕೆಟ್‌ಗೆ ಅರ್ಧದಷ್ಟು ನೀರು ತುಂಬಿ, ಹಗ್ಗವನ್ನು ಬಿಗಿಯಾಗುವವರೆಗೆ ಹುರಿ ಹಾಕಿ, ನೀರು ಪೂರ್ತಿ ನಿಂತ ಮೇಲೆ ಬಿಡಿ. ಅವಸರಪಟ್ಟರೆ ಮೊದಲ ಹಂತವೇ ಕಾಣುವುದಿಲ್ಲ. ಆ ಹಂತದಲ್ಲಿ ಬಕೆಟ್ ತಿರುಗುತ್ತಿರುತ್ತದೆ, ನೀರು ಇನ್ನೂ ನಿಂತಿರುತ್ತದೆ, ಮೇಲ್ಮೈ ಚಪ್ಪಟೆ. ಸ್ವಲ್ಪ ಹೊತ್ತಿಗೆ ನೀರೂ ಬಕೆಟ್ಟಿನ ವೇಗಕ್ಕೆ ಬಂದು, ಮೇಲ್ಮೈ ನಡುವೆ ತಗ್ಗಾಗಿ ಅಂಚಿನಲ್ಲಿ ಏರುತ್ತದೆ. ಸೆಕೆಂಡಿಗೆ ಒಂದು ಸುತ್ತು ಬಂದರೆ ನಡುವಿಗೂ ಅಂಚಿಗೂ ಸುಮಾರು 4.5 ಸೆಂ.ಮೀ. ವ್ಯತ್ಯಾಸ ಬರುತ್ತದೆ. ಕೊನೆಗೆ ಬಕೆಟ್ಟನ್ನು ಹಿಡಿದು ನಿಲ್ಲಿಸಿದರೂ ನೀರು ಸುತ್ತುತ್ತಲೇ ಇರುತ್ತದೆ, ತಗ್ಗೂ ಉಳಿದಿರುತ್ತದೆ.

1687ರಲ್ಲಿ ನ್ಯೂಟನ್ ಬೆರಳಿಟ್ಟು ತೋರಿಸಿದ್ದು ಇದನ್ನೇ. ಬಕೆಟ್ಟಿಗೂ ನೀರಿಗೂ ನಡುವಣ ಸಾಪೇಕ್ಷ ಚಲನೆ ಅತಿ ಹೆಚ್ಚಿದ್ದಾಗ ನೀರು ಚಪ್ಪಟೆಯಾಗಿತ್ತು. ಆ ಸಾಪೇಕ್ಷ ಚಲನೆ ಸೊನ್ನೆಯಾದಾಗ ನೀರು ಏರಿತ್ತು. ಅಂದಮೇಲೆ ನೀರು ಬಕೆಟ್ಟನ್ನು ನೋಡಿ ಏರುತ್ತಿಲ್ಲ. ಅದು ನಿರಪೇಕ್ಷ ಆಕಾಶವನ್ನು (ಯಾವ ವಸ್ತುವನ್ನೂ ಅವಲಂಬಿಸದೆ ತಾನೇ ನಿಶ್ಚಲವಾಗಿರುವ ಅವಕಾಶವನ್ನು) ನೋಡಿ ಏರುತ್ತದೆ ಎಂದು ನ್ಯೂಟನ್ ತೀರ್ಮಾನಿಸಿದರು. 1883ರಲ್ಲಿ ಆಸ್ಟ್ರಿಯಾದ ಭೌತವಿಜ್ಞಾನಿ ಅರ್ನ್‌ಸ್ಟ್ ಮಾಕ್ ಇದನ್ನು ಒಪ್ಪಲಿಲ್ಲ. ಕಣ್ಣಿಗೆ ಕಾಣದ ಆಕಾಶ ಯಾಕೆ, ಭೂಮಿ ಮತ್ತು ನಕ್ಷತ್ರಗಳ ದ್ರವ್ಯರಾಶಿ ಇದೆಯಲ್ಲ, ನೀರು ಅದಕ್ಕೆ ಹೋಲಿಸಿ ತಿರುಗುತ್ತಿದೆ ಎಂದರು. ನೀವು ಕೇಳಿರುವ ಪ್ರಶ್ನೆ ಮಾಕ್‌ರದೇ.

ಐನ್‌ಸ್ಟೈನರ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತ ಇವರಿಬ್ಬರಲ್ಲಿ ಯಾರ ಪಕ್ಷಕ್ಕೂ ಪೂರ್ತಿ ವಾಲುವುದಿಲ್ಲ. ನೀರು ಕೇಳುವುದು ತಾನಿರುವ ಜಾಗದ ದೇಶಕಾಲವನ್ನು ಮಾತ್ರ. ಯಾವುದು ತಿರುಗುವಿಕೆ, ಯಾವುದು ಅಲ್ಲ ಎಂದು ಅಲ್ಲಿನ ದೇಶಕಾಲವೇ ಹೇಳುತ್ತದೆ. ಆದರೆ ಆ ದೇಶಕಾಲಕ್ಕೆ ರೂಪ ಕೊಡುವುದರಲ್ಲಿ ಸುತ್ತಲಿನ ದ್ರವ್ಯರಾಶಿಯ ಪಾಲಿದೆ, ಅದು ಹೇಗೆ ಚಲಿಸುತ್ತಿದೆ ಎಂಬುದರ ಪಾಲೂ ಇದೆ. ಆದ್ದರಿಂದ ಸುತ್ತಲಿನ ದ್ರವ್ಯವನ್ನು ನಿಜವಾಗಿ ತಿರುಗಿಸಿದರೆ ನೀರಿನ ಮೇಲೆ ಪರಿಣಾಮ ಆಗಲೇಬೇಕು. ಎಷ್ಟು ಎಂಬುದು ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ಬಕೆಟ್ಟಿನ ಗೋಡೆ ಹಲವು ಹರದಾರಿ ದಪ್ಪವಿದ್ದರೆ ಏನಾಗುತ್ತಿತ್ತೋ ಯಾರು ಬಲ್ಲರು ಎಂದು ಮಾಕ್ ಕೇಳಿದ್ದರಂತೆ. ಈಗ ಅದಕ್ಕೆ ಉತ್ತರ ಗೊತ್ತೇ?
(ಎಂಜಿನಿಯರಿಂಗ್ ವಿದ್ಯಾರ್ಥಿ, ಮೈಸೂರು)

ಉತ್ತರ: ಗೊತ್ತು. ಲೆಕ್ಕ ಹಾಕುವ ದಾರಿಯನ್ನು 1918ರಲ್ಲಿ ಹಾನ್ಸ್ ಥಿರ್ರಿಂಗ್ ತೋರಿಸಿದರು. ಟೊಳ್ಳು ಗೋಳವೊಂದು ನಿಧಾನವಾಗಿ ತಿರುಗಿದರೆ ಅದರೊಳಗಿನ ಜಡತ್ವ ಚೌಕಟ್ಟೂ, ಅಂದರೆ ಗೈರೋಸ್ಕೋಪ್ (ವೇಗವಾಗಿ ತಿರುಗುತ್ತಾ ತನ್ನ ಅಕ್ಷದ ದಿಕ್ಕನ್ನು ಬಿಡದ ಚಕ್ರ) ತೋರಿಸುವ 'ತಿರುಗದ' ದಿಕ್ಕೂ, ಅದೇ ಕಡೆಗೆ ಸ್ವಲ್ಪ ತಿರುಗುತ್ತದೆ. ಗೋಳದ ವೇಗದ ಎಷ್ಟನೇ ಪಾಲು ಎಂದರೆ, ಗೋಳದ ದ್ರವ್ಯರಾಶಿಯನ್ನು ಗುರುತ್ವ ಸ್ಥಿರಾಂಕದಿಂದ ಗುಣಿಸಿ, ಬೆಳಕಿನ ವೇಗದ ವರ್ಗ ಮತ್ತು ಗೋಳದ ತ್ರಿಜ್ಯದಿಂದ ಭಾಗಿಸಿ, ಮೂರನೇ ನಾಲ್ಕರಿಂದ (4/3) ಗುಣಿಸಬೇಕು. ಗುರುತ್ವ ದುರ್ಬಲವಾಗಿರುವಲ್ಲಿ ಮಾತ್ರ ಈ ಸೂತ್ರ ನಡೆಯುತ್ತದೆ.

ಮಾಕ್‌ರ ಬಕೆಟ್ಟನ್ನು ಕಬ್ಬಿಣದ್ದು ಎಂದುಕೊಳ್ಳೋಣ, ಮೂರು ಹರದಾರಿ ದಪ್ಪ, ಅಂದರೆ 15 ಕಿ.ಮೀ. ನೀರಿಗೆ ನಡುವೆ ಸ್ವಲ್ಪ ಜಾಗ ಬಿಟ್ಟು ಉಳಿದದ್ದೆಲ್ಲ ಗೋಡೆ. ಈರುಳ್ಳಿಯಂತೆ ಪದರ ಪದರವಾಗಿ ಕೂಡಿದರೆ ಒಟ್ಟು ಪಾಲು ಇಷ್ಟಾಗುತ್ತದೆ: 8.38 × 7.42×10⁻²⁸ × ಕಬ್ಬಿಣದ ಸಾಂದ್ರತೆ 7870 × ತ್ರಿಜ್ಯದ ವರ್ಗ. ಇಲ್ಲಿ 8.38 ಎಂಬುದು ಎಂಟು 'ಪೈ' ಭಾಗಿಸು ಮೂರು. ಎರಡನೆಯದು ಗುರುತ್ವ ಸ್ಥಿರಾಂಕವನ್ನು ಬೆಳಕಿನ ವೇಗದ ವರ್ಗದಿಂದ ಭಾಗಿಸಿದ್ದು. ಉತ್ತರ 1.1×10⁻¹⁴. ಗೋಡೆ ಸೆಕೆಂಡಿಗೊಂದು ಸುತ್ತು ಬಂದರೂ ಒಳಗಿನ ಜಡತ್ವ ಚೌಕಟ್ಟು ಒಂದು ಸುತ್ತು ಮುಗಿಸಲು ಸುಮಾರು 29 ಲಕ್ಷ ವರ್ಷ ಬೇಕು. (ಆ ವೇಗದಲ್ಲಿ ಹೊರ ಅಂಚು ಸೆಕೆಂಡಿಗೆ 94 ಕಿ.ಮೀ. ಓಡಬೇಕು, ಯಾವ ಕಬ್ಬಿಣವೂ ಅದನ್ನು ತಾಳುವುದಿಲ್ಲ. ನಮಗೆ ಬೇಕಿರುವುದು ಪರಿಣಾಮದ ಅಳತೆ ಮಾತ್ರ.)

ಇದೇ ಸೂತ್ರಕ್ಕೆ ಕಬ್ಬಿಣದ ಬದಲು ವಿಶ್ವವನ್ನೇ ಹಾಕಿ ನೋಡಿ. ಸಾಂದ್ರತೆ ಘನಮೀಟರಿಗೆ ಸುಮಾರು 8.5×10⁻²⁷ ಕಿಲೋಗ್ರಾಂ, ಅಂದರೆ ಐದು ಹೈಡ್ರೋಜನ್ ಪರಮಾಣುಗಳಷ್ಟು. ತ್ರಿಜ್ಯ, ಬೆಳಕಿನ ವೇಗವನ್ನು ಹಬಲ್ ಸ್ಥಿರಾಂಕದಿಂದ (ವಿಶ್ವ ಎಷ್ಟು ಬೇಗ ಹಿಗ್ಗುತ್ತಿದೆ ಎಂಬ ಅಳತೆಯಿಂದ) ಭಾಗಿಸಿದಾಗ ಬರುವ 1.37×10²⁶ ಮೀಟರ್. ಉತ್ತರ ಹೆಚ್ಚುಕಡಿಮೆ 1! ಹತ್ತಿರದ ಕಬ್ಬಿಣ ಎಷ್ಟೇ ಇದ್ದರೂ ಲೆಕ್ಕಕ್ಕಿಲ್ಲ, ದೂರದ ಅಪಾರ ದ್ರವ್ಯವೇ ಜಡತ್ವದ ದಿಕ್ಕನ್ನು ಹಿಡಿದಿದೆ ಎಂಬ ಮಾಕ್‌ರ ಊಹೆಗೆ ಇದು ಹತ್ತಿರ ಬರುತ್ತದೆ. ಆದರೂ ಇದನ್ನು ಸಾಧನೆ ಎಂದು ತಿಳಿಯಬೇಡಿ. ದುರ್ಬಲ ಗುರುತ್ವದ ಸೂತ್ರ ವಿಶ್ವದ ಅಳತೆಗೆ ನಿಲ್ಲುವುದಿಲ್ಲ. ಮೇಲಾಗಿ ಆ 1 ಬಂದದ್ದು ಚಪ್ಪಟೆ ವಿಶ್ವದ ವಿಸ್ತರಣೆಯ ಸಮೀಕರಣವೇ ಇಲ್ಲಿ ವೇಷ ಬದಲಿಸಿ ಕೂತಿರುವುದರಿಂದ. ಸುಳಿವು ಎನ್ನಬಹುದು, ಅದಕ್ಕಿಂತ ಹೆಚ್ಚಲ್ಲ.

ಸಿದ್ಧಾಂತವೇ ಮಾಕ್‌ಗೆ ಎದುರು ನಿಲ್ಲುವ ಜಾಗಗಳೂ ಇವೆ. ದ್ರವ್ಯವೇ ಇಲ್ಲದ ಖಾಲಿ ದೇಶಕಾಲವೂ ಐನ್‌ಸ್ಟೈನರ ಸಮೀಕರಣಕ್ಕೆ ಸರಿಯಾದ ಪರಿಹಾರವೇ, ಅಲ್ಲೂ ಜಡತ್ವ ಇದೆ. 1949ರಲ್ಲಿ ಕುರ್ಟ್ ಗೋಡೆಲ್ ಕೊಟ್ಟ ವಿಶ್ವದಲ್ಲಿ ಎಲ್ಲೆಡೆಯ ದ್ರವ್ಯವೂ ಅಲ್ಲಲ್ಲಿನ ಗೈರೋಸ್ಕೋಪಿಗೆ ಹೋಲಿಸಿದರೆ ತಿರುಗುತ್ತಿರುತ್ತದೆ. ನಮ್ಮ ವಿಶ್ವ ಹಾಗಿರುವ ಲಕ್ಷಣ ವಿಶ್ವದ ಆರಂಭಕಾಲದಿಂದ ಉಳಿದು ಬಂದಿರುವ ಸೂಕ್ಷ್ಮತರಂಗ ಹಿನ್ನೆಲೆ ವಿಕಿರಣದಲ್ಲಿ ಕಂಡಿಲ್ಲ. ಆದರೆ ಸಿದ್ಧಾಂತ ಅದನ್ನು ತಡೆಯುವುದಿಲ್ಲ ಎಂಬುದು ಮುಖ್ಯ.

ಪ್ರಶ್ನೆ: ಜಡತ್ವ ಬರುವುದು ಬೇರೆ ದ್ರವ್ಯರಾಶಿಗಳಿಂದಲೇ ಆದರೆ, ನಮ್ಮ ಆಕಾಶಗಂಗೆಯ ನಡುಭಾಗದ ಕಡೆಗೆ ತಳ್ಳುವಾಗ ವಸ್ತು ಹೆಚ್ಚು ಜಡವಾಗಿ, ಅಡ್ಡ ತಳ್ಳುವಾಗ ಕಡಿಮೆ ಜಡವಾಗಿ ಇರಬೇಕಲ್ಲವೇ?
(ಭೌತಶಾಸ್ತ್ರ ಉಪನ್ಯಾಸಕರು, ಧಾರವಾಡ)

ಉತ್ತರ: ಇದನ್ನು 1958ರಲ್ಲಿ ಕೊಕೋನಿ ಮತ್ತು ಸಾಲ್ಪೀಟರ್ ಕೇಳಿದರು. 1960ರ ಸುಮಾರಿಗೆ ಅಮೆರಿಕದಲ್ಲಿ ಹ್ಯೂಸ್ ತಂಡ, ಸ್ಕಾಟ್ಲೆಂಡಿನಲ್ಲಿ ರೊನಾಲ್ಡ್ ಡ್ರೆವರ್ ಅಳೆದರು. ಡ್ರೆವರ್ ಪ್ರಯೋಗಶಾಲೆ ಬಿಟ್ಟು ಮನೆಯ ತೋಟದಲ್ಲಿ ಪ್ರಯೋಗ ಹೂಡಿದ್ದರು. ಕಾರಿನ ಬ್ಯಾಟರಿ, ಲಿಥಿಯಂ ಇರುವ ದ್ರಾವಣ, ಕ್ಷೇತ್ರವಾಗಿ ಬಹುಮಟ್ಟಿಗೆ ಭೂಮಿಯದೇ ಕಾಂತಕ್ಷೇತ್ರ.

ಲಿಥಿಯಂ-7ರ ನ್ಯೂಕ್ಲಿಯಸ್ಸಿಗೆ ಕಾಂತಕ್ಷೇತ್ರದಲ್ಲಿ ನಾಲ್ಕು ಶಕ್ತಿಮಟ್ಟಗಳಿವೆ, ಮೂರು ಅಂತರಗಳೂ ಸಮ. ಹಾಗಾಗಿ ಒಂದೇ ಆವರ್ತಾಂಕದ ಗೆರೆ ಕಾಣುತ್ತದೆ. ಜಡತ್ವ ದಿಕ್ಕಿಗೆ ತಕ್ಕಂತೆ ಬದಲಾದರೆ ಅಂತರಗಳು ಸಮವಾಗಿ ಉಳಿಯುವುದಿಲ್ಲ, ಗೆರೆ ಮೂರಾಗಿ ಸೀಳಬೇಕು. ಭೂಮಿ ತಿರುಗಿದಂತೆ ಕ್ಷೇತ್ರದ ದಿಕ್ಕು ಆಕಾಶಗಂಗೆಯ ನಡುವನ್ನು ಒಮ್ಮೆ ನೋಡುತ್ತದೆ, ಇನ್ನೊಮ್ಮೆ ಅದಕ್ಕೆ ಅಡ್ಡವಾಗುತ್ತದೆ. ಆದ್ದರಿಂದ ಇಪ್ಪತ್ನಾಲ್ಕು ಗಂಟೆ ಕಾದರೆ ಸೀಳು ಬಂದು ಹೋಗುವುದು ಕಾಣಬೇಕು. ಗೆರೆ ಸೀಳಲಿಲ್ಲ. ದಿಕ್ಕಿನ ವ್ಯತ್ಯಾಸ ಇದ್ದರೂ 10²⁰ರಲ್ಲಿ ಒಂದು ಪಾಲಿಗಿಂತ ಕಡಿಮೆ ಎಂದು ತೀರ್ಮಾನವಾಯಿತು.

ಮಾಕ್ ತತ್ತ್ವ (ಜಡತ್ವ ಬರುವುದು ಬೇರೆ ದ್ರವ್ಯರಾಶಿಗಳಿಂದ ಎಂಬುದು) ಇದರಿಂದ ಸತ್ತಿತು ಎಂದು ಬರೆಯುವವರು ಭೌತವಿಜ್ಞಾನಿ ಡಿಕಿ ಎತ್ತಿದ ಆಕ್ಷೇಪವನ್ನು ಮರೆಯುತ್ತಾರೆ. ಜಡತ್ವದ ವ್ಯತ್ಯಾಸ ಎಲ್ಲ ಕಣಗಳಿಗೂ ಎಲ್ಲ ಕ್ಷೇತ್ರಗಳಿಗೂ ಒಂದೇ ರೀತಿ ಇದ್ದರೆ, ಅಳೆಯುವ ಉಪಕರಣವೂ ಅಷ್ಟೇ ಬದಲಾಗಿ ಏನೂ ಕಾಣುವುದಿಲ್ಲ. ನಮ್ಮ ದೃಷ್ಟಿಯಲ್ಲಿ ಈ ಪ್ರಯೋಗ ಗಟ್ಟಿಯಾಗಿ ಹೇಳುವುದು ಒಂದನ್ನೇ: ಸ್ಥಳೀಯವಾಗಿ ಎಲ್ಲ ದಿಕ್ಕೂ ಸಮ.

ಪ್ರಶ್ನೆ: ತಿರುಗುವ ಭೂಮಿ ದೇಶಕಾಲವನ್ನು ಎಳೆಯುವುದನ್ನು ಅಳೆಯಲು ಹೋದ 'ಗ್ರಾವಿಟಿ ಪ್ರೋಬ್ ಬಿ' ಉಪಗ್ರಹಕ್ಕೆ ನಾಲ್ಕು ದಶಕಗಳ ಕೆಲಸ, ಸುಮಾರು 75 ಕೋಟಿ ಡಾಲರ್ ಖರ್ಚು. ಕೊನೆಗೆ ಶೇ 19ರಷ್ಟು ಅನಿಶ್ಚಿತತೆ. ಎಲ್ಲಿ ತಪ್ಪಿತು?
(ನಿವೃತ್ತ ತಂತ್ರಜ್ಞರು, ಬೆಂಗಳೂರು)

ಉತ್ತರ: ಉಪಕರಣ ಹೇಗಿತ್ತು ಎಂದು ನೋಡಿದರೆ ಎಡವಿದ್ದು ಎಲ್ಲಿ ಎಂಬುದು ತಾನಾಗಿ ತಿಳಿಯುತ್ತದೆ. 2004ರ ಏಪ್ರಿಲ್ 20ರಂದು ಹಾರಿದ ಉಪಗ್ರಹ 642 ಕಿ.ಮೀ. ಎತ್ತರದಲ್ಲಿ ಧ್ರುವಗಳ ಮೇಲೆ ಹಾದು ಸುತ್ತಿತು. ಅದರಲ್ಲಿ 38 ಮಿ.ಮೀ. ಅಗಲದ, ಟೇಬಲ್ ಟೆನಿಸ್ ಚೆಂಡಿಗಿಂತ ತುಸು ಚಿಕ್ಕ, ನಾಲ್ಕು ಸ್ಫಟಿಕ ಶಿಲೆಯ ಗೋಳಗಳಿದ್ದವು. ಅವುಗಳ ದುಂಡುತನದಲ್ಲಿ ಕೆಲವು ಹತ್ತು ಪರಮಾಣು ಪದರಗಳಷ್ಟೇ ಏರುಪೇರು. ಮೇಲೆ ನಯೋಬಿಯಂ ಲೇಪ. ಗೋಳಕ್ಕೂ ಗೂಡಿಗೂ ನಡುವೆ 32 ಮೈಕ್ರಾನ್ ಸಂದು. ಎಲ್ಲವೂ ದ್ರವ ಹೀಲಿಯಂನಲ್ಲಿ 1.8 ಕೆಲ್ವಿನ್‌ಗೆ ತಂಪಾಗಿದ್ದವು. ಆ ಚಳಿಯಲ್ಲಿ ನಯೋಬಿಯಂ ಅತಿವಾಹಕವಾಗುತ್ತದೆ (ವಿದ್ಯುತ್ತಿಗೆ ಒಂದಿಷ್ಟೂ ತಡೆ ಒಡ್ಡುವುದಿಲ್ಲ), ತಿರುಗುವ ಅತಿವಾಹಕ ತನ್ನ ಅಕ್ಷದುದ್ದಕ್ಕೂ ಸಣ್ಣದೊಂದು ಕಾಂತಕ್ಷೇತ್ರವನ್ನು ತಾನೇ ಹುಟ್ಟಿಸುತ್ತದೆ. ಗೋಳವನ್ನು ಮುಟ್ಟದೆ, ಗುರುತು ಹಾಕದೆ, ಅಕ್ಷ ಎತ್ತ ವಾಲಿದೆ ಎಂದು ಓದಲು ಆ ಕ್ಷೇತ್ರವೇ ಮುಳ್ಳು. ಹೋಲಿಕೆಗೆ ದೂರದರ್ಶಕ ಸದಾ 'ಐಎಂ ಪೆಗಾಸಿ' ನಕ್ಷತ್ರವನ್ನು ನೋಡುತ್ತಿತ್ತು.

ಎರಡು ಪರಿಣಾಮಗಳನ್ನು ಅಳೆಯಬೇಕಿತ್ತು. ಓದುಗರು ಇವನ್ನು ಬೆರೆಸಿಕೊಳ್ಳುವುದು ಹೆಚ್ಚು. ಮೊದಲನೆಯದು ಭೂಮಿ ತಿರುಗದಿದ್ದರೂ ಇರುವಂಥದ್ದು: ದ್ರವ್ಯರಾಶಿಯಿಂದ ಬಾಗಿದ ದೇಶಕಾಲದಲ್ಲಿ ಸುತ್ತಿ ಬಂದ ಗೈರೋ ತುಸು ಓರೆಯಾಗುತ್ತದೆ, ವರ್ಷಕ್ಕೆ 6606 (ಡಿಗ್ರಿಯ 36 ಲಕ್ಷದಲ್ಲಿ ಒಂದು ಪಾಲಿನ ಅಳತೆಯ) ಮಿಲಿ ಆರ್ಕ್‌ಸೆಕೆಂಡ್. ಎರಡನೆಯದು ಭೂಮಿಯ ತಿರುಗುವಿಕೆಯಿಂದಲೇ ಬರುವ ಚೌಕಟ್ಟಿನ ಎಳೆತ, ವರ್ಷಕ್ಕೆ ಕೇವಲ 39.2. ಒಂದು ಕಿ.ಮೀ. ಉದ್ದದ ಕೋಲಿನ ತುದಿ 0.19 ಮಿ.ಮೀ. ಸರಿದರೆ ಎಷ್ಟು ಕೋನವೋ ಅಷ್ಟು. ಕಕ್ಷೆ ಧ್ರುವಗಳ ಮೇಲೆ ಹಾಯುವುದರಿಂದ ಎರಡೂ ಒಂದಕ್ಕೊಂದು ಲಂಬ ದಿಕ್ಕಿನಲ್ಲಿ ಬೀಳುತ್ತವೆ, ಬೇರೆ ಬೇರೆಯಾಗಿ ಓದಲು ಬರುತ್ತದೆ.

ತೊಂದರೆ ಬಂದದ್ದು ಲೇಪದಿಂದ. ಲೋಹದ ಮೇಲ್ಮೈ ಎಲ್ಲ ಕಡೆ ಒಂದೇ ವಿದ್ಯುತ್ ವಿಭವದಲ್ಲಿರಬೇಕು. ಆದರೆ ಗೋಳದ ಮೇಲೂ ಗೂಡಿನ ಒಳಗೋಡೆಯ ಮೇಲೂ ತೇಪೆ ಹಾಕಿದಂತೆ ಬೇರೆ ಬೇರೆ ವಿಭವದ ತುಣುಕುಗಳಿದ್ದವು. 32 ಮೈಕ್ರಾನ್ ಸಂದಿನಲ್ಲಿ ಈ ತೇಪೆಗಳು ಒಂದನ್ನೊಂದು ಎಳೆದಾಡಿ ಗೋಳದ ಮೇಲೆ ತಿರುಚುಬಲ ಹಾಕಿದವು. ಗೋಳದ ಅಕ್ಷ, ಉಪಗ್ರಹ ತಾನೇ ನಿಧಾನವಾಗಿ ಉರುಳುವ ಅಕ್ಷಕ್ಕೆ ಸರಿಯಾಗಿ ಕೂರದಿದ್ದಾಗ ಒಂದು ಬಗೆಯ ಅಲೆತ. ಗೋಳದ ಒಲೆತದ (ತಿರುಗುತ್ತಲೇ ತುಸು ತೂಗಾಡುವುದರ) ಅವಧಿ ನಿಧಾನವಾಗಿ ಬದಲಾಗುತ್ತಾ, ಅದರ ಗುಣಕಗಳು ಉಪಗ್ರಹದ 77.5 ಸೆಕೆಂಡಿನ ಉರುಳಿಗೆ ತಾಳ ಹಾಕಿದಾಗ ಅಕ್ಷ ಏಕಾಏಕಿ ಸರಿಯುವುದು ಇನ್ನೊಂದು ಬಗೆ. ಪ್ರಯೋಗದ ಕೊನೆಗೆ ದೂರದರ್ಶಕವನ್ನು ಬೇಕೆಂದೇ ಬೇರೆ ದಿಕ್ಕುಗಳಿಗೆ ತಿರುಗಿಸಿ ಮೊದಲ ಬಗೆಯ ತಿರುಚುಬಲವನ್ನು ಅಳೆದರು. ಅದು ಸದಾ ಓರೆಯಾದ ದಿಕ್ಕಿಗೆ ಲಂಬವಾಗಿಯೇ ಕೆಲಸ ಮಾಡುತ್ತದೆ ಎಂದು ತಿಳಿದದ್ದೇ ದತ್ತಾಂಶವನ್ನು ಉಳಿಸಿತು. 2011ರಲ್ಲಿ ಬಂದ ಫಲಿತಾಂಶ: ಮೊದಲನೆಯದು 6601.8, ಹೆಚ್ಚುಕಡಿಮೆ 18.3, ಎರಡನೆಯದು 37.2, ಹೆಚ್ಚುಕಡಿಮೆ 7.2. ಶೇ 1ರ ಗುರಿ ತಪ್ಪಿತು, ನಿಜ. ಆದರೆ ಇದನ್ನು ಸೋಲು ಎನ್ನಲು ನಾವು ಒಪ್ಪುವುದಿಲ್ಲ. ಬೇರೆ ಯಾವ ಮಾದರಿಯನ್ನೂ ನೆಚ್ಚದೆ, ಗೈರೋಸ್ಕೋಪಿನಿಂದಲೇ ನೇರವಾಗಿ ಓದಿದ ಅಳತೆ ಇದೊಂದೇ.

ಪ್ರಶ್ನೆ: ಲೇಸರಿನಿಂದ ಉಪಗ್ರಹದ ದೂರ ಅಳೆದೂ ಇದೇ ಪರಿಣಾಮ ಕಂಡಿದ್ದಾರಂತೆ. ಎಷ್ಟು ಸರಿಯುತ್ತದೆ ಎಂದು ನಾವೇ ಲೆಕ್ಕ ಹಾಕಬಹುದೇ?
(ಬಿ.ಎಸ್ಸಿ. ವಿದ್ಯಾರ್ಥಿನಿ, ಮಂಗಳೂರು)

ಉತ್ತರ: ಖಂಡಿತ. ಉಪಗ್ರಹದ ಕಕ್ಷೆಯನ್ನೇ ಒಂದು ದೊಡ್ಡ ಗೈರೋಸ್ಕೋಪ್ ಎಂದುಕೊಳ್ಳಿ. ಕಕ್ಷೆ ಸಮಭಾಜಕವನ್ನು ದಾಟುವ ಬಿಂದು ಭೂಮಿ ತಿರುಗುವ ಕಡೆಗೇ ನಿಧಾನವಾಗಿ ಸರಿಯುತ್ತದೆ. ಭೂಮಿಯ ಕೋನೀಯ ಸಂವೇಗ 5.86×10³³. ಅದನ್ನು, ಕಬ್ಬಿಣದ ಬಕೆಟ್ಟಿನ ಲೆಕ್ಕಕ್ಕೆ ಬಳಸಿದ 7.42×10⁻²⁸ರಿಂದ ಗುಣಿಸಿ, ಎರಡರಿಂದ ಗುಣಿಸಿ, ಕಕ್ಷೆಯ ತ್ರಿಜ್ಯದ ಘನದಿಂದ ಭಾಗಿಸಿ. 1976ರ 'ಲೇಜಿಯೋಸ್' ಉಪಗ್ರಹಕ್ಕೆ ತ್ರಿಜ್ಯ 1.227×10⁷ ಮೀಟರ್. ಸೆಕೆಂಡಿಗೆ 4.7×10⁻¹⁵ ರೇಡಿಯನ್ ಬರುತ್ತದೆ. ವರ್ಷಕ್ಕೆ ಸುಮಾರು 31 ಮಿಲಿ ಆರ್ಕ್‌ಸೆಕೆಂಡ್, ಕಕ್ಷೆಯ ದೂರದಲ್ಲಿ 1.8 ಮೀಟರ್. ಈ ಉಪಗ್ರಹ 60 ಸೆಂ.ಮೀ. ಅಗಲದ, 400 ಕಿಲೋಗ್ರಾಂ ಮೀರಿದ ಲೋಹದ ಗುಂಡು, ಮೈಮೇಲೆ 426 ಪ್ರತಿಫಲಕಗಳು. ಲೇಸರ್ ದೂರಮಾಪನ ಸೆಂಟಿಮೀಟರ್ ಮಟ್ಟದ್ದು, ಹಾಗಾಗಿ 1.8 ಮೀಟರ್ ಸುಲಭ ಎನಿಸಬೇಕು.

ಸುಲಭವಲ್ಲ. ಭೂಮಿಯ ನಡು ಉಬ್ಬಿರುವುದರಿಂದ ನ್ಯೂಟನ್ನರ ಗುರುತ್ವವೇ ಇದೇ ಬಿಂದುವನ್ನು ವರ್ಷಕ್ಕೆ ಸುಮಾರು 126 ಡಿಗ್ರಿ ಸರಿಸುತ್ತದೆ, ನಾವು ಹುಡುಕುತ್ತಿರುವುದಕ್ಕಿಂತ ಒಂದೂವರೆ ಕೋಟಿ ಪಟ್ಟು. ಉಬ್ಬಿನ ಅಳತೆಯಲ್ಲಿ ಕೂದಲೆಳೆಯ ತಪ್ಪಿದ್ದರೂ ಎಲ್ಲ ಮುಳುಗಿತು. 'ಗ್ರೇಸ್' ಉಪಗ್ರಹಗಳು ಭೂಮಿಯ ಗುರುತ್ವದ ನಕ್ಷೆಯನ್ನು ತಿದ್ದಿದ ಮೇಲೆ, 2004ರಲ್ಲಿ ಚುಫೋಲಿನಿ ಮತ್ತು ಪಾವ್ಲಿಸ್ ಎರಡು ಲೇಜಿಯೋಸ್‌ಗಳ ದತ್ತಾಂಶ ಕೂಡಿಸಿ ಶೇ 10ರಷ್ಟು ಅನಿಶ್ಚಿತತೆಯಲ್ಲಿ ಪರಿಣಾಮವನ್ನು ತೋರಿಸಿದರು. ಆ ಶೇ 10 ಸಾಕೇ ಎಂದು ತಜ್ಞರಲ್ಲಿ ವಾದ ನಡೆದದ್ದೂ ಉಬ್ಬಿನ ಕಾರಣಕ್ಕೇ.

ಇದಕ್ಕೆ ಹುಡುಕಿದ ಪರಿಹಾರ ತುಂಬಾ ಚೆಂದದ್ದು. ಉಬ್ಬಿನ ಪರಿಣಾಮ ಕಕ್ಷೆಯ ಓರೆಯ ಕೊಸೈನ್‌ಗೆ ತಕ್ಕಂತೆ, ಚೌಕಟ್ಟಿನ ಎಳೆತಕ್ಕೆ ಓರೆಯ ಹಂಗಿಲ್ಲ. ಲೇಜಿಯೋಸ್ ಓರೆ 109.84 ಡಿಗ್ರಿ. ಅದೇ ಎತ್ತರದಲ್ಲಿ 70.16 ಡಿಗ್ರಿ ಓರೆಯಲ್ಲಿ ಇನ್ನೊಂದನ್ನು ಬಿಟ್ಟರೆ ಎರಡರ ಮೊತ್ತ 180, ಕೊಸೈನ್‌ಗಳು ಸಮ ಮತ್ತು ವಿರುದ್ಧ. ಕೂಡಿಸಿದರೆ ಉಬ್ಬು ವಜಾ, ಎಳೆತ ಮಾತ್ರ ಉಳಿಯುತ್ತದೆ. 2022ರ ಜುಲೈ 13ರಂದು 'ಲಾರೆಸ್ 2' ಹಾರಿದ್ದು ಇದಕ್ಕಾಗಿಯೇ.

ಪ್ರಶ್ನೆ: ದೆಹಲಿಯ ಹೊಸ ಸಂಸತ್ ಭವನದಲ್ಲಿ ಫೂಕೋ ಲೋಲಕ ಇದೆ. ಅದು ಕೂಡ ದೇಶಕಾಲದ ಎಳೆತವನ್ನು ತೋರಿಸುತ್ತದೆಯೇ?
(ಗೃಹಿಣಿ, ತುಮಕೂರು)

ಉತ್ತರ: ಅದು ತೋರಿಸುವುದು ಭೂಮಿಯ ತಿರುಗುವಿಕೆಯನ್ನು. ದೆಹಲಿಯ ಅಕ್ಷಾಂಶದಲ್ಲಿ ತೂಗಾಟದ ಸಮತಲ ಒಂದು ಸುತ್ತು ಬರಲು ಸುಮಾರು 50 ಗಂಟೆ. ಅದೇ ಲೋಲಕವನ್ನು ಬೆಂಗಳೂರಿನಲ್ಲಿ ಹೂಡಿದರೆ ಸುಮಾರು 107 ಗಂಟೆ, ಏಕೆಂದರೆ ನಾವು ಸಮಭಾಜಕಕ್ಕೆ ಹತ್ತಿರ. ಚೌಕಟ್ಟಿನ ಎಳೆತ ದಕ್ಷಿಣ ಧ್ರುವದಲ್ಲೂ ವರ್ಷಕ್ಕೆ 0.22 ಆರ್ಕ್‌ಸೆಕೆಂಡ್ ಮಾತ್ರ. ಅಲ್ಲಿ ಲೋಲಕ ಹೂಡಿ ಅಳೆಯಬಹುದೆಂದು 1984ರಲ್ಲಿ ಬ್ರಗಿನ್‌ಸ್ಕಿ, ಪೋಲ್ನರೆವ್ ಮತ್ತು ಥಾರ್ನ್ ಸೂಚಿಸಿದ್ದರು. ತೂಗಾಟ ಒಂದಿಷ್ಟು ದೀರ್ಘವೃತ್ತವಾದರೂ ಸಮತಲ ತಾನೇ ಸರಿಯತೊಡಗುತ್ತದೆ, ಗಾಳಿ ಮತ್ತು ತಂತಿಯ ಕೊಂಡಿಯ ಅಸಮತೆ ಬೇರೆ. ಅದಕ್ಕೇ ಅದು ಅಷ್ಟು ಕಷ್ಟ.

ಹೋಲಿಕೆಗೆ ಜೇನುತುಪ್ಪದಲ್ಲಿ ತಿರುಗುವ ಚೆಂಡನ್ನು ಹೇಳುವುದುಂಟು. ಧ್ರುವದ ಬಳಿ ತೇಲುವ ಕಡ್ಡಿ ಚೆಂಡಿನ ಜೊತೆಗೇ ತಿರುಗುತ್ತದೆ, ಸಮಭಾಜಕದ ಬಳಿ ಇಟ್ಟ ಕಡ್ಡಿಯ ಒಳತುದಿ ಬೇಗ ಸರಿದು ಅದು ಉಲ್ಟಾ ತಿರುಗುತ್ತದೆ. ಗೈರೋಸ್ಕೋಪ್‌ಗಳೂ ಹಾಗೇ. ಇಷ್ಟರಮಟ್ಟಿಗೆ ಹೋಲಿಕೆ ಸರಿ. ಆದರೆ ಜೇನು ಚೆಂಡನ್ನು ನಿಧಾನಗೊಳಿಸುತ್ತದೆ, ದೇಶಕಾಲ ಭೂಮಿಯನ್ನು ಹಾಗೆ ತಡೆಯುವುದಿಲ್ಲ.

ಪ್ರಶ್ನೆ: ಕಾಲೇಜಿನ ವರ್ಕ್‌ಶಾಪಿನಲ್ಲಿ ಭಾರಿ ಫ್ಲೈವೀಲ್ ತಿರುಗಿಸಿ ಇದನ್ನು ನೋಡಬಹುದೇ? ತಿರುಗುವ ಗೈರೋ ತೂಕ ಕಳೆದುಕೊಳ್ಳುತ್ತದೆ ಎಂಬ ವಿಡಿಯೊಗಳು ನಿಜವೇ?
(ಪಾಲಿಟೆಕ್ನಿಕ್ ವಿದ್ಯಾರ್ಥಿಗಳು, ದಾವಣಗೆರೆ)

ಉತ್ತರ: ಒಂದು ಟನ್ ತೂಕದ, ಅರ್ಧ ಮೀಟರ್ ತ್ರಿಜ್ಯದ ಚಕ್ರವನ್ನು ನಿಮಿಷಕ್ಕೆ 3000 ಸುತ್ತು ತಿರುಗಿಸಿ, ಅಕ್ಷದ ಮೇಲೆ ಅರ್ಧ ಮೀಟರ್ ದೂರದಲ್ಲಿ ಗೈರೋ ಇಡಿ. ಲೇಜಿಯೋಸ್ ಉಪಗ್ರಹಕ್ಕೆ ಬಳಸಿದ ಸೂತ್ರದಂತೆ ವರ್ಷಕ್ಕೆ ಸುಮಾರು 3×10⁻⁹ ಆರ್ಕ್‌ಸೆಕೆಂಡ್. ಗ್ರಾವಿಟಿ ಪ್ರೋಬ್ ಬಿ ಅಳತೆಯ ಅನಿಶ್ಚಿತತೆಯೇ ಇದರ ಇಪ್ಪತ್ತು ಲಕ್ಷ ಪಟ್ಟಿಗಿಂತ ಹೆಚ್ಚು. ನಿಮ್ಮ ಯೋಚನೆ ಮಾತ್ರ ಹೊಸದಲ್ಲ: 1890ರ ದಶಕದಲ್ಲೇ ಇಮ್ಯಾನುಯೆಲ್ ಫ್ರೀಡ್‌ಲೆಂಡರ್ ಜರ್ಮನಿಯ ಪೈನೆಯ ಉಕ್ಕಿನ ರೋಲಿಂಗ್ ಮಿಲ್ಲಿನ ಫ್ಲೈವೀಲ್ ಪಕ್ಕದಲ್ಲಿ ತಿರುಚು ತಕ್ಕಡಿ ಇಟ್ಟು ಇದನ್ನೇ ಹುಡುಕಿದ್ದರು. ಖಚಿತವಾದದ್ದೇನೂ ಸಿಗಲಿಲ್ಲ.

ತೂಕದ ಮಾತು ಬೇರೆ. 1989ರಲ್ಲಿ ಹಯಸಾಕಾ ಮತ್ತು ತಕೆಯುಚಿ, ಬಲಕ್ಕೆ ತಿರುಗುವ ಗೈರೋ ಕೆಲವು ಮಿಲಿಗ್ರಾಂ ಹಗುರಾಗುತ್ತದೆ ಎಂದು ವರದಿ ಮಾಡಿದರು. ಮರುವರ್ಷವೇ ಬೇರೆ ತಂಡಗಳು ಹೆಚ್ಚು ಎಚ್ಚರದಿಂದ ತೂಗಿದಾಗ ಏನೂ ಕಾಣಲಿಲ್ಲ. ನೀವು ತೂಗುವುದಾದರೆ ಗೈರೋವನ್ನು ಮುಚ್ಚಿದ ಡಬ್ಬಿಯಲ್ಲಿಡಿ, ಬೇರಿಂಗ್‌ನ ಬಿಸಿಯಿಂದ ಏಳುವ ಗಾಳಿ ತಕ್ಕಡಿಯನ್ನು ಎತ್ತುತ್ತದೆ. ಎಡಕ್ಕೂ ಬಲಕ್ಕೂ ತಿರುಗಿಸಿ. ಮುಖ್ಯವಾಗಿ, ವೇಗ ಇಳಿಯುವಾಗ ಒಂದೊಂದು ವೇಗದಲ್ಲೂ ಓದಿ ಬರೆದುಕೊಳ್ಳಿ. ಯಾವುದೋ ಒಂದೆರಡು ವೇಗದಲ್ಲಿ ಮಾತ್ರ ತೂಕ ಜಿಗಿದರೆ ಅದು ತಕ್ಕಡಿಯ ನಡುಕ, ಗುರುತ್ವವಲ್ಲ.

ಪ್ರಶ್ನೆ: ಈ ಎಳೆತ ನಿಜವಾಗಿ ದೊಡ್ಡದಾಗಿರುವ ಜಾಗ ಎಲ್ಲಾದರೂ ಇದೆಯೇ?
(ಓದುಗರು, ಹೂಸ್ಟನ್)

ಉತ್ತರ: ಇದೆ. 2020ರಲ್ಲಿ 'ಪಿಎಸ್‌ಆರ್ ಜೆ1141−6545' ಎಂಬ ಪಲ್ಸಾರ್ ಜೋಡಿಯ ವರದಿ ಬಂತು. ಪಲ್ಸಾರ್ (ಮಿಡಿತ ಕಳಿಸುತ್ತಾ ವೇಗವಾಗಿ ತಿರುಗುವ ನ್ಯೂಟ್ರಾನ್ ನಕ್ಷತ್ರ) ಮತ್ತು ಶ್ವೇತಕುಬ್ಜ (ಇಂಧನ ಮುಗಿದು ಕುಗ್ಗಿದ ನಕ್ಷತ್ರ) 4.7 ಗಂಟೆಗೊಮ್ಮೆ ಒಂದನ್ನೊಂದು ಸುತ್ತುತ್ತವೆ. ಬಹುತೇಕ ಎರಡು ದಶಕಗಳ ಮಿಡಿತಗಳನ್ನು ಜೋಡಿಸಿ ನೋಡಿದಾಗ ಕಕ್ಷೆಯೇ ಓರೆ ಬದಲಿಸುತ್ತಿತ್ತು. ಇದು ಕೂಡಿಬರಬೇಕಾದರೆ ಶ್ವೇತಕುಬ್ಜ 200 ಸೆಕೆಂಡಿಗಿಂತ ಬೇಗ ಒಂದು ಸುತ್ತು ತಿರುಗುತ್ತಿರಬೇಕು, ದೇಶಕಾಲವನ್ನು ಜೊತೆಗೆ ಎಳೆಯುತ್ತಿರಬೇಕು.

ಇನ್ನೂ ತೀವ್ರವಾದದ್ದು ತಿರುಗುವ ಕಪ್ಪುಕುಳಿ. 1963ರಲ್ಲಿ ರಾಯ್ ಕೆರ್ ಅದರ ಪರಿಹಾರ ಕೊಟ್ಟರು. ಅದರಲ್ಲಿ ಎರಡು ಬೇರೆ ಬೇರೆ ಮೇಲ್ಮೈಗಳಿವೆ: ಒಳಹೊಕ್ಕರೆ ಹಿಂದಿರುಗಲಾಗದ್ದು ಒಂದು, ಅದರ ಹೊರಗೆ ನಿಶ್ಚಲವಾಗಿ ನಿಲ್ಲಲಾಗದ ಎಲ್ಲೆ ಇನ್ನೊಂದು. ತಿರುಗದ ಕಪ್ಪುಕುಳಿಯಲ್ಲಿ ಇವೆರಡೂ ಒಂದೇ, ತಿರುಗಿದರೆ ಬೇರಾಗುತ್ತವೆ. ಇದನ್ನು 1968ರಲ್ಲಿ ಸ್ಪಷ್ಟಪಡಿಸಿದ ಪ್ರಬಂಧ ನಮ್ಮ ಬೆಂಗಳೂರಿನ ಸಿ.ವಿ. ವಿಶ್ವೇಶ್ವರ ಅವರದು. ಮುಂದೆ ಜವಾಹರಲಾಲ್ ನೆಹರು ತಾರಾಲಯವನ್ನು ಕಟ್ಟಿ ಬೆಳೆಸಿದವರು ಅವರೇ. 1993ರಲ್ಲಿ ಬಾಲಾ ಅಯ್ಯರ್ ಜೊತೆ ಅವರು ಇಂಥ ದೇಶಕಾಲದಲ್ಲಿ ಗೈರೋಸ್ಕೋಪಿನ ಅಕ್ಷ ಹೇಗೆ ಸುತ್ತುತ್ತದೆ ಎಂಬುದಕ್ಕೂ ಜ್ಯಾಮಿತಿಯ ದಾರಿ ಕೊಟ್ಟರು. ಹತ್ತು ಸೂರ್ಯರಷ್ಟು ತೂಗುವ, ಗರಿಷ್ಠ ವೇಗದಲ್ಲಿ ತಿರುಗುವ ಕಪ್ಪುಕುಳಿಗೆ ಒಳ ಮೇಲ್ಮೈ 14.8 ಕಿ.ಮೀ., ಹೊರ ಎಲ್ಲೆ ಸಮಭಾಜಕದಲ್ಲಿ 29.5 ಕಿ.ಮೀ. ಇವುಗಳ ನಡುವೆ ಸಿಕ್ಕ ವಸ್ತು, ಎಂಥ ರಾಕೆಟ್ ಇದ್ದರೂ, ಕಪ್ಪುಕುಳಿ ತಿರುಗುವ ಕಡೆಗೇ ಸುತ್ತಲೇಬೇಕು. ಒಳ ಮೇಲ್ಮೈ ತಲುಪುವಷ್ಟರಲ್ಲಿ ಆ ಸುತ್ತು ಸೆಕೆಂಡಿಗೆ ಸುಮಾರು 1600.

ಸಾಗರದ ಶಿಕ್ಷಕಿಯ ಬಕೆಟ್‌ಗೂ ಇಲ್ಲಿ ಉತ್ತರವಿದೆ. ಥಿರ್ರಿಂಗ್‌ರ ಟೊಳ್ಳು ಗೋಳವನ್ನು ಕಪ್ಪುಕುಳಿಯಾಗುವ ಅಂಚಿನವರೆಗೆ ಕುಗ್ಗಿಸಿದರೆ ಒಳಗಿನ ಎಳೆತ ಪೂರ್ತಿ ಒಂದಕ್ಕೆ, ಅಂದರೆ ಗೋಳದ ವೇಗಕ್ಕೇ, ಮುಟ್ಟುತ್ತದೆ ಎಂದು 1966ರಲ್ಲಿ ಬ್ರಿಲ್ ಮತ್ತು ಕೋಹೆನ್ ತೋರಿಸಿದರು. ಥಿರ್ರಿಂಗ್ ಲೆಕ್ಕದಲ್ಲಿ ಕೇಂದ್ರಾಪಗಾಮಿ ಬಲದ ಜೊತೆ ಅಕ್ಷದ ಉದ್ದಕ್ಕೂ ಒಂದು ಬೇಡದ ಬಲ ಬಂದು ಕಾಡುತ್ತಿತ್ತು. ಗೋಳದ ಆಕಾರವನ್ನು ತುಸು ಬದಲಿಸಿದರೆ ಅದು ಹೋಗುತ್ತದೆ ಎಂದು 1985ರಲ್ಲಿ ಫಿಸ್ಟರ್ ಮತ್ತು ಬ್ರೌನ್ ಸರಿಪಡಿಸಿದರು. ಅಂಥ ಗೋಳದ ಒಳಗೆ ಬಕೆಟ್ ಇಟ್ಟರೆ, ಗೋಳದ ಜೊತೆ ಸಮವಾಗಿ ಸುತ್ತುವ ನೀರು ಚಪ್ಪಟೆಯಾಗಿರುತ್ತದೆ. ದೂರದ ನಕ್ಷತ್ರಗಳಿಗೆ ಹೋಲಿಸಿ ಅಲ್ಲಾಡದೆ ನಿಂತ ನೀರು ಅಂಚಿಗೇರುತ್ತದೆ.